ಟ್ಯಾಬ್ ಮುಂದೆ ಕೂತವರು ತಡವರಿಸಿದಾಗ: ನೆನಪು-ಗಮನದ ಪರೀಕ್ಷೆಯಲ್ಲಿ ದೋಷ ಹುಡುಕುವ ಕೈಪಿಡಿ

ಶಿರಸಿ ಕಡೆಯ 64 ವರ್ಷದ ಅಮ್ಮ ಒಬ್ಬರನ್ನು ಮಗ ಕರೆದುಕೊಂಡು ಬಂದಿದ್ದ. ಇತ್ತೀಚೆಗೆ ಮರೆವು ಜಾಸ್ತಿಯಾಗಿದೆ ಎಂಬುದು ದೂರು. ಟ್ಯಾಬ್‌ನಲ್ಲಿ ಮೊದಲ ಪರೀಕ್ಷೆ ತೀರಾ ಸರಳ: ಹಳದಿ ಚೆಂಡು ಕಂಡ ಕೂಡಲೇ ಅದನ್ನು ಮುಟ್ಟಬೇಕು. ಹತ್ತರಲ್ಲಿ ನಾಲ್ಕು ಸಲ ಟ್ಯಾಬ್ ಉತ್ತರವೇ ಬಂದಿಲ್ಲವೆಂದು ದಾಖಲಿಸಿತು. ಉಳಿದ ಆರಕ್ಕೆ ಒಂದು ಸೆಕೆಂಡಿಗೂ ಮಿಕ್ಕಿ ಸಮಯ. ಕೊನೆಗೆ ಸಾಫ್ಟ್‌ವೇರ್ ಕೆಂಪು ಪಟ್ಟಿ ಎಳೆದು 'ತೀವ್ರ ನಿಧಾನ' ಎಂದು ವರದಿ ಕೊಟ್ಟಿತು. ನಾನೂ ಅದನ್ನು ಬಹುಮಟ್ಟಿಗೆ ನಂಬಿಬಿಟ್ಟಿದ್ದೆ. ಅಮ್ಮ ಎದ್ದು ಸೆರಗು ಸರಿಮಾಡಿಕೊಳ್ಳುವಾಗ ಕೈ ಕಣ್ಣಿಗೆ ಬಿತ್ತು. ಅಡಿಕೆ ಚೊಗರಿನಿಂದ ಕಪ್ಪಾದ, ಜಡ್ಡುಗಟ್ಟಿ ಬಿರುಕು ಬಿಟ್ಟ ಬೆರಳ ತುದಿಗಳು. ನಲವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಕೈ. ನನ್ನ ಫೋನ್ ಕೊಟ್ಟು "ಇಲ್ಲಿ ಮುಟ್ಟಿ ನೋಡಿ ಅಮ್ಮಾ" ಅಂದೆ. ಮೂರು ಸಲ ಮುಟ್ಟಿದರೂ ಫೋನಿಗೆ ಗೊತ್ತಾಗಲಿಲ್ಲ.

ಕ್ಲಿನಿಕ್‌ಗಳಲ್ಲಿ, ಪುನರ್ವಸತಿ ಕೇಂದ್ರಗಳಲ್ಲಿ ಕಂಪ್ಯೂಟರ್ ಮೂಲಕ ನೆನಪು, ಗಮನ, ಚುರುಕುತನ ಅಳೆಯುವ ಕೆಲಸಕ್ಕೆ ಹೊಸದಾಗಿ ಕೈಹಾಕಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂಕ ಕಡಿಮೆ ಬಂದಾಗ ಮೆದುಳನ್ನು ಅನುಮಾನಿಸುವುದು ಕಟ್ಟಕಡೆಯ ಹೆಜ್ಜೆ. ಅದಕ್ಕೂ ಮೊದಲು ಯಂತ್ರ, ಆಮೇಲೆ ಮೈ, ಆಮೇಲೆ ಮಾತು, ಆಮೇಲೆ ಭಯ, ಈ ಕ್ರಮದಲ್ಲಿ ಹುಡುಕಿಕೊಂಡು ಬನ್ನಿ. ಯಂತ್ರ ನೋಡಲು ಎರಡು ನಿಮಿಷ ಸಾಕು, ಭಯ ಅರಿಯಲು ಅರ್ಧ ಗಂಟೆ ಬೇಕು. ಬೇಗ ಪರೀಕ್ಷಿಸಬಹುದಾದದ್ದನ್ನು ಮೊದಲು ಮುಗಿಸಿಕೊಂಡರೆ ಉಳಿದದ್ದಕ್ಕೆ ಸಮಯ ಸಿಗುತ್ತದೆ ಎಂಬುದಷ್ಟೇ ಈ ಕ್ರಮದ ಹಿಂದಿನ ಲೆಕ್ಕ.

ಮೊದಲು ಅಂಕಗಳ ಆಕಾರ ನೋಡಿ

ಒಟ್ಟು ಅಂಕದಿಂದ ದೋಷ ಗೊತ್ತಾಗುವುದಿಲ್ಲ. ಅಂಕ ಎಲ್ಲಿ ಬಿದ್ದಿದೆ, ಯಾವಾಗ ಬಿದ್ದಿದೆ ಎಂಬುದು ಸುಳಿವು ಕೊಡುತ್ತದೆ.

ಶುರುವಿನಿಂದ ಕೊನೆಯವರೆಗೂ ಎಲ್ಲವೂ ಒಂದೇ ಸಮ ನಿಧಾನವಾಗಿದ್ದು, ಉತ್ತರಗಳು ಮಾತ್ರ ಸರಿಯಿದ್ದರೆ ಬೆರಳು, ಕಣ್ಣು ಅಥವಾ ಯಂತ್ರವನ್ನು ನೋಡಿ. ಮೊದಲ ಎರಡು ಪರೀಕ್ಷೆ ಕೆಟ್ಟು, ನಂತರದವು ಸುಧಾರಿಸುತ್ತಾ ಹೋಗಿದ್ದರೆ ಅದು ಹೊಸತನದ ಅಂಜಿಕೆ. ಶುರುವಿನಲ್ಲಿ ಚೆನ್ನಾಗಿದ್ದು ಕೊನೆಗೆ ಕುಸಿದಿದ್ದರೆ ದಣಿವು, ಹಸಿವು, ಸಕ್ಕರೆ ಇಳಿದಿರುವುದು, ಅಥವಾ ಮೂತ್ರಕ್ಕೆ ಹೋಗಬೇಕಿದ್ದರೂ ಸಂಕೋಚಪಟ್ಟು ಕೂತಿರುವುದು. ಹಿರಿಯ ಹೆಂಗಸರಲ್ಲಿ ಈ ಕೊನೆಯದನ್ನು ನಾನು ಬೇಕಾದಷ್ಟು ಸಲ ಕಂಡಿದ್ದೇನೆ, ಅವರಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಒಂದೇ ಒಂದು ಪರೀಕ್ಷೆ ನೆಲಕಚ್ಚಿ ಉಳಿದವು ಸರಿಯಿದ್ದರೆ ಆ ಪರೀಕ್ಷೆಯ ಸೂಚನೆ, ಬಣ್ಣ, ಧ್ವನಿ ನೋಡಿ. ಇವು ಮೂರೂ ಸರಿಯಿದ್ದರೆ ಅದು ನಿಜವಾದ ಸುಳಿವು ಆಗಿರಬಹುದು. ಉತ್ತರಗಳು ಅತಿವೇಗವಾಗಿ, ಬಹುಪಾಲು ತಪ್ಪಾಗಿ ಬಂದಿದ್ದರೆ ಒಂದೋ ಅವರಿಗೆ ಸೂಚನೆ ತಿಳಿದಿಲ್ಲ, ಇಲ್ಲವೇ ಅಂಗೈ ಸ್ಕ್ರೀನಿನ ಅಂಚಿಗೆ ತಾಗಿ ತಾನಾಗಿಯೇ ಉತ್ತರ ಬೀಳುತ್ತಿದೆ.

ಇದರ ಜೊತೆಗೆ ಒಂದು ತಾಳೆ ಪರೀಕ್ಷೆ ಯಾವಾಗಲೂ ಇಟ್ಟುಕೊಳ್ಳಿ. ಟ್ಯಾಬ್‌ನಲ್ಲಿ ಬಿದ್ದ ಸಾಮರ್ಥ್ಯವನ್ನೇ ಬಾಯಿಮಾತಿನಲ್ಲೋ ಕಾಗದದಲ್ಲೋ ಒಮ್ಮೆ ಅಳೆಯಿರಿ. ಅಲ್ಲಿ ಸರಿಯಿದ್ದು ಇಲ್ಲಿ ಕೆಟ್ಟಿದ್ದರೆ ದೋಷ ಬಹುತೇಕ ಟ್ಯಾಬ್ ಮತ್ತು ಮನುಷ್ಯನ ನಡುವೆ ಎಲ್ಲೋ ಇದೆ.

ಲಕ್ಷಣ: ಮುಟ್ಟಿದ್ದು ದಾಖಲಾಗುತ್ತಿಲ್ಲ

ಈಗಿನ ಟ್ಯಾಬ್‌ಗಳ ಸ್ಕ್ರೀನು ಒತ್ತಡವನ್ನು ಅಳೆಯುವುದಿಲ್ಲ. ಗಾಜಿನ ಕೆಳಗೆ ಸಣ್ಣದೊಂದು ವಿದ್ಯುತ್ ಕ್ಷೇತ್ರವಿರುತ್ತದೆ. ತೇವ ಇರುವ ಚರ್ಮ ಹತ್ತಿರ ಬಂದಾಗ ಅದು ಬದಲಾಗುತ್ತದೆ, ಆ ಬದಲಾವಣೆಯನ್ನೇ ಸ್ಕ್ರೀನು 'ಮುಟ್ಟಿದರು' ಎಂದು ಓದಿಕೊಳ್ಳುತ್ತದೆ. ಒಣಗಿದ, ದಪ್ಪಗಟ್ಟಿದ ಚರ್ಮದಲ್ಲಿ ಈ ಬದಲಾವಣೆ ಕ್ಷೀಣ. ಉಗುರಿಗಂತೂ ಏನೂ ಆಗುವುದಿಲ್ಲ. ಮೇಲೊಂದು ದಪ್ಪ ಸ್ಕ್ರೀನ್ ಗಾರ್ಡ್ ಇದ್ದರೆ ಇನ್ನೂ ಕಷ್ಟ. ಗದ್ದೆ, ತೋಟ, ಗಾರೆ ಕೆಲಸ, ಪಾತ್ರೆ ತೊಳೆಯುವ ಕೆಲಸ ಮಾಡಿದವರ ಕೈಯನ್ನು ಪರೀಕ್ಷೆಗೆ ಮೊದಲೇ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಮಾತಾಡಿಸುತ್ತಾ "ಎಲ್ಲಿ, ಕೈ ತೋರಿಸಿ" ಎಂದರೆ ಯಾರೂ ಬೇಸರಿಸುವುದಿಲ್ಲ.

ಪರಿಹಾರ ಸರಳ. ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, ಸ್ವಲ್ಪ ವ್ಯಾಸಲೀನೋ ಲೋಶನ್ನೋ ಹಚ್ಚಿ ಚೆನ್ನಾಗಿ ಹೀರಿಕೊಳ್ಳಲು ಬಿಡಿ, ಜಿಡ್ಡು ಉಳಿಯದಂತೆ ಒರೆಸಿ. ಗಾರ್ಡ್ ತೆಗೆಯಿರಿ. ತುದಿಯ ಬದಲು ಬೆರಳಿನ ಮೆತ್ತನೆಯ ಹೊಟ್ಟೆಯ ಭಾಗದಿಂದ ಮುಟ್ಟಲು ಹೇಳಿ. ತೋರುಬೆರಳು ಕೇಳದಿದ್ದರೆ ನಡುಬೆರಳು. ಪರೀಕ್ಷೆಯ ಕೈಪಿಡಿ ಒಪ್ಪಿದರೆ ಮಾತ್ರ ಸ್ಟೈಲಸ್ (ಸ್ಕ್ರೀನ್ ಮುಟ್ಟುವ ಕಡ್ಡಿ) ಕೊಡಿ, ಕೊಟ್ಟರೆ ವರದಿಯಲ್ಲಿ ಬರೆಯಿರಿ.

ಇನ್ನೊಂದು ಕಾರಣ ನಮ್ಮ ಬಾಯಿಂದಲೇ ಹುಟ್ಟುತ್ತದೆ. 'ಒತ್ತಿ' ಎಂದು ಹೇಳುತ್ತೇವೆ. ಕಾಲಿಂಗ್ ಬೆಲ್, ಮಿಕ್ಸಿ, ಕೀಪ್ಯಾಡ್ ಫೋನು ಬಳಸಿದವರಿಗೆ ಒತ್ತುವುದೆಂದರೆ ಅದುಮಿ ಹಿಡಿಯುವುದು. ಅವರು ಹೇಳಿದಂತೆಯೇ ಮಾಡುತ್ತಾರೆ. ಟ್ಯಾಬ್ ಅದನ್ನು ಬೇರೆಯೇ ಆಜ್ಞೆ ಎಂದು ತಿಳಿದು ಏನೋ ಮೆನು ತೆರೆಯುತ್ತದೆ, ಅಥವಾ ಬೆರಳು ಎತ್ತಿದ ಹೊತ್ತನ್ನು ಉತ್ತರದ ಹೊತ್ತೆಂದು ಬರೆದುಕೊಂಡು ನಿಧಾನ ಎನ್ನುತ್ತದೆ. 'ಮುಟ್ಟಿ ಬಿಡಿ' ಎಂದು ಹೇಳಿ ನೋಡಿ. ಮೇಜಿನ ಮೇಲೆ ನೀವೇ ಒಮ್ಮೆ ಬೆರಳಿನಿಂದ ತಟ್ಟಿ ತೋರಿಸಿ. ಒಂದು ಪದ ಬದಲಾಯಿಸಿದ್ದಕ್ಕೆ ನಾಲ್ಕಾರು ಜನರ ಇಡೀ ಪರೀಕ್ಷೆ ಸರಿಹೋಗಿದ್ದನ್ನು ನಾನು ಕಂಡಿದ್ದೇನೆ.

ಕೈ ಹೊಂದಿಸಿಕೊಳ್ಳಲು ಪರೀಕ್ಷೆಯ ಸಾಮಗ್ರಿಯನ್ನು ಮುಟ್ಟಬೇಡಿ. ಖಾಲಿ ಹಾಳೆಯಂತಹ ಡ್ರಾಯಿಂಗ್ ಆಪ್ ತೆರೆದು, ಇಲ್ಲಿ ಒಂದು ಚುಕ್ಕೆ, ಅಲ್ಲಿ ಒಂದು ಚುಕ್ಕೆ ಇಡಿಸಿ. ರಂಗೋಲಿ ಹಾಕುವವರು ಎರಡು ನಿಮಿಷದಲ್ಲಿ ಪಳಗುತ್ತಾರೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಕ್ಯಾಂಟ್ಯಾಬ್ ಪರೀಕ್ಷಾ ಸರಣಿಯಲ್ಲಿ ಇದಕ್ಕೆಂದೇ ಆರಂಭದಲ್ಲಿ ಒಂದು ಘಟ್ಟವಿದೆ: ಸ್ಕ್ರೀನಿನಲ್ಲಿ ಅಲ್ಲಲ್ಲಿ ಮೂಡುವ ಕತ್ತರಿ (×) ಗುರುತುಗಳನ್ನು ಮುಟ್ಟುವುದು. ನೆನಪನ್ನು ಅಳೆಯುವ ಮೊದಲು ಕೈ-ಕಣ್ಣು ಸ್ಕ್ರೀನಿಗೆ ಹೊಂದಿವೆಯೇ ಎಂದು ಅಲ್ಲಿ ತಿಳಿಯುತ್ತದೆ. ನಿಮ್ಮ ಪರೀಕ್ಷೆಯಲ್ಲಿ ಅಂಥ ಘಟ್ಟ ಇದ್ದರೆ ಸಮಯ ಉಳಿಸಲು ಅದನ್ನು ಹಾರಿಸಬೇಡಿ.

ಮೌಸ್ ಬೇಕೇಬೇಕು ಎನ್ನುವ ಪರೀಕ್ಷೆಗಳೂ ಇವೆ. ಜೀವಮಾನದಲ್ಲಿ ಮೌಸ್ ಹಿಡಿಯದವರಿಗೆ ಹತ್ತು ನಿಮಿಷ ಅಭ್ಯಾಸ ಕೊಟ್ಟೂ ಬಾಣದ ಗುರುತು ಬೇಕಾದಲ್ಲಿ ನಿಲ್ಲದಿದ್ದರೆ ಆ ಪರೀಕ್ಷೆ ಅವರಿಗಲ್ಲ. ಬೇರೆ ಸಾಧನ ಆರಿಸಿ.

ಲಕ್ಷಣ: ಎಲ್ಲರೂ ಸ್ವಲ್ಪ ಸ್ವಲ್ಪ ನಿಧಾನ

ಒಬ್ಬರು ನಿಧಾನವಾದರೆ ಮನುಷ್ಯನನ್ನು ನೋಡಿ, ವಾರವಿಡೀ ಬಂದವರೆಲ್ಲ ನಿಧಾನವಾದರೆ ಯಂತ್ರವನ್ನು ನೋಡಿ. ಆರೋಗ್ಯವಂತ ಯುವಕರು ಕಣ್ಣಿಗೆ ಬಿದ್ದ ಗುರುತಿಗೆ ಪ್ರತಿಕ್ರಿಯಿಸಲು ಸುಮಾರು 200ರಿಂದ 300 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಾರೆ. ಸಾಮಾನ್ಯ ಸ್ಕ್ರೀನು ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಅಂದರೆ ಒಂದೊಂದಕ್ಕೂ ಸುಮಾರು 17 ಮಿಲಿಸೆಕೆಂಡ್. ಇದರ ಮೇಲೆ ಟಚ್‌ನ ವಿಳಂಬ, ಬ್ಲೂಟೂತ್ ಮೌಸಿನ ವಿಳಂಬ, ಬ್ಯಾಟರಿ ಉಳಿಸುವ ಮೋಡ್‌ನ ನಿಧಾನ, ಹಿಂದೆ ಓಡುತ್ತಿರುವ ಅಪ್‌ಡೇಟ್ ಎಲ್ಲ ಸೇರಿದರೆ ಹತ್ತಾರು ಮಿಲಿಸೆಕೆಂಡ್ ಸುಮ್ಮನೆ ಸೇರಿಕೊಳ್ಳುತ್ತವೆ. 250ಕ್ಕೆ 70 ಸೇರಿದರೆ ಅದು ಸಣ್ಣ ವ್ಯತ್ಯಾಸವಲ್ಲ. ಅಮೆರಿಕದ ಎರಡು ನರಮನೋವಿಜ್ಞಾನ ಅಕಾಡೆಮಿಗಳು 2012ರಲ್ಲಿ ಹೊರಡಿಸಿದ ಜಂಟಿ ನಿಲುವಿನ ಪತ್ರ ಕಂಪ್ಯೂಟರ್ ಪರೀಕ್ಷೆಗಳ ಬಗ್ಗೆ ಎಚ್ಚರಿಸಿದ ವಿಷಯಗಳಲ್ಲಿ ಈ ಹಾರ್ಡ್‌ವೇರ್-ಸಾಫ್ಟ್‌ವೇರ್ ತೊಡಕೂ ಒಂದು.

ಆದ್ದರಿಂದ ಪರೀಕ್ಷೆ ತಯಾರಿಸಿದವರು ಹೇಳಿದ ಸಾಧನವನ್ನೇ ಬಳಸಿ. ಬೇರೆ ಟ್ಯಾಬ್‌ಗೆ ಬದಲಾದ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡಿ. ಬೆಳಗ್ಗೆ ಒಮ್ಮೆ ನೀವೇ ಕೂತು ಮೊದಲ ಪರೀಕ್ಷೆ ಮಾಡಿ ನೋಡಿ, ನಿಮ್ಮ ದಿನನಿತ್ಯದ ಸಮಯಕ್ಕಿಂತ ತೀರಾ ಏರಿದ್ದರೆ ಅವತ್ತು ಟ್ಯಾಬ್ ಸರಿಯಿಲ್ಲ. ಚಾರ್ಜ್ ತುಂಬಿರಲಿ, ಕರೆಂಟ್ ಹೋಗುವ ಊರಾದರೆ ಯುಪಿಎಸ್ ಇರಲಿ. ಮೆಸೇಜುಗಳ ಸದ್ದು ಆರಿಸಿ. ನೆಟ್ ಬೇಡದ ಪರೀಕ್ಷೆಯಾದರೆ ಏರೋಪ್ಲೇನ್ ಮೋಡ್ ಹಾಕಿ.

ಲಕ್ಷಣ: ತಲೆ ಹಿಂದಕ್ಕೆ ವಾಲಿಸುತ್ತಾರೆ, ಕಣ್ಣು ಕಿರಿದು ಮಾಡುತ್ತಾರೆ

ಎರಡು ಪವರ್ ಇರುವ ಕನ್ನಡಕದವರು ಎದುರಿಗೆ ನೆಟ್ಟಗೆ ನಿಲ್ಲಿಸಿದ ಸ್ಕ್ರೀನನ್ನು ಕೆಳಗಿನ ಭಾಗದಿಂದ ನೋಡಲು ಗದ್ದ ಮೇಲೆತ್ತುತ್ತಾರೆ. ಇಪ್ಪತ್ತು ನಿಮಿಷ ಹಾಗೆ ಕೂತರೆ ಕುತ್ತಿಗೆ ಹಿಡಿಯುತ್ತದೆ, ಗಮನ ಅಲ್ಲಿಗೆ ಹೋಗುತ್ತದೆ. ಟ್ಯಾಬನ್ನು ಮೇಜಿನ ಮೇಲೆ ವ್ಯಾಸಪೀಠದ ಹಾಗೆ ಓರೆಯಾಗಿ ಇಡಿ. ಟ್ಯೂಬ್‌ಲೈಟ್ ಸ್ಕ್ರೀನಿನಲ್ಲಿ ಪ್ರತಿಫಲಿಸುತ್ತಿದೆಯೇ ಎಂದು ನೀವು ನಿಂತಲ್ಲಿಂದ ನೋಡಿದರೆ ಸಾಲದು, ಅವರ ಕುರ್ಚಿಯಲ್ಲಿ ಕೂತು ನೋಡಿ. ಬಣ್ಣ ಮುಖ್ಯವಾದ ಪರೀಕ್ಷೆಗೆ ಮೊದಲು ಕೆಂಪು-ಹಸಿರು ಬೇರ್ಪಡಿಸಬಲ್ಲರೇ ಎಂದು ಇಷಿಹಾರ ಚಿತ್ರಗಳಲ್ಲಿ (ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಹಾಳೆಗಳು) ನೋಡಿಕೊಳ್ಳಿ. ಕಿವಿ ಮಂದವಾದವರು ಕೇಳಿಸದಿದ್ದರೂ 'ಹ್ಞೂಂ' ಎನ್ನುತ್ತಾರೆ. ಹಾಗಾಗಿ 'ಕೇಳಿಸ್ತಾ' ಎಂದು ಕೇಳದೆ, ಹೇಳಿದ್ದನ್ನು ಮರಳಿ ಹೇಳಿಸಿ.

ಕನ್ನಡ ಅಕ್ಷರದ ವಿಷಯ ಬೇರೆಯೇ ಹೇಳಬೇಕು. ಇಂಗ್ಲಿಷಿಗೆ ಅಳೆದು ಮಾಡಿದ ಜಾಗದಲ್ಲಿ ಕನ್ನಡ ತುರುಕಿದಾಗ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಇಲ್ಲವೇ ಕಡ್ಡಿಯಷ್ಟು ಸಣ್ಣದಾಗುತ್ತವೆ. ಹಳೆಯ ಸಾಫ್ಟ್‌ವೇರಿನಲ್ಲಿ ಒತ್ತು ಬಿಡಿಯಾಗಿ ಪಕ್ಕಕ್ಕೆ ಬಿದ್ದು 'ಪುಸ್ತಕ' ಎಂಬುದು 'ಪುಸ್‌ತಕ' ಎಂದು ಕಾಣುತ್ತದೆ. ಓದಲು ತಡಕಾಡಿದವರನ್ನು ಓದಿನ ದೋಷ ಎಂದು ಬರೆಯುವ ಮೊದಲು ಅದೇ ಸಾಲನ್ನು ನೀವು ಓದಿ ನೋಡಿ.

ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ವಿವರಿಸಿದ ಬಣ್ಣ-ಪದದ ಪರೀಕ್ಷೆ ಇಲ್ಲಿ ಒಳ್ಳೆಯ ಉದಾಹರಣೆ. 'ಹಸಿರು' ಎಂಬ ಪದವನ್ನು ಕೆಂಪು ಬಣ್ಣದಲ್ಲಿ ಬರೆದು, ಬಣ್ಣ ಯಾವುದು ಎಂದು ಕೇಳುತ್ತಾರೆ. ಓದು ತಾನಾಗಿಯೇ ನಡೆದುಬಿಡುವುದರಿಂದ ಪದ ಅಡ್ಡ ಬರುತ್ತದೆ. ಆ ಅಡ್ಡಿಯನ್ನು ತಡೆಯುವ ಶಕ್ತಿಯನ್ನು ಅಳೆಯುವುದು ಉದ್ದೇಶ. ಆದರೆ ಕನ್ನಡವನ್ನು ಕೂಡಿಸಿ ಕೂಡಿಸಿ ಓದುವವರಿಗೆ ಪದ ಅಷ್ಟಾಗಿ ಅಡ್ಡ ಬರುವುದಿಲ್ಲ. ಅಂಕ ಚೆನ್ನಾಗಿ ಬರುತ್ತದೆ, ಅದೂ ತಪ್ಪು ಕಾರಣಕ್ಕೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಬೆಂಗಳೂರಿನ ಯುವಕನಿಗೂ ಕನ್ನಡದ ಹಾಳೆಯಲ್ಲಿ ಹೀಗೇ ಆಗುತ್ತದೆ. ಹೆಚ್ಚು ಬಂದ ಅಂಕವನ್ನೂ ಅನುಮಾನಿಸಬೇಕಾದ ಸಂದರ್ಭ ಇದು.

ಲಕ್ಷಣ: ತಲೆಯಾಡಿಸುತ್ತಾರೆ, ಆದರೆ ಬೇರೇನೋ ಮಾಡುತ್ತಾರೆ

'ಪರದೆಯ ಮೇಲೆ ಪ್ರಚೋದಕವು ಗೋಚರಿಸಿದ ತಕ್ಷಣ ಪ್ರತಿಕ್ರಿಯಿಸಿ.' ಹೀಗೆ ಬರೆದ ಸೂಚನೆಗಳನ್ನು ನಾನು ಕಂಡಿದ್ದೇನೆ. ಕಲಬುರಗಿಯಲ್ಲಾಗಲಿ ಪುತ್ತೂರಿನಲ್ಲಾಗಲಿ ಯಾರ ಮನೆಯಲ್ಲೂ ಹೀಗೆ ಮಾತಾಡುವುದಿಲ್ಲ. ಹಿರಿಯರು ಗೌರವಕ್ಕೆ ತಲೆಯಾಡಿಸುತ್ತಾರೆ, ಡಾಕ್ಟರ ಎದುರು ತಿಳಿಯಲಿಲ್ಲ ಎನ್ನಲು ಸಂಕೋಚ. ಆದರೆ ಅಚ್ಚಾದ ಸೂಚನೆಯನ್ನು ಪರೀಕ್ಷೆಯ ನಡುವೆ ನಿಮಗೆ ತೋಚಿದಂತೆ ಬದಲಿಸುವ ಹಾಗಿಲ್ಲ. ಬದಲಿಸಿದರೆ ಮಾನದಂಡದ ಅಂಕಗಳೊಂದಿಗೆ (ಆರೋಗ್ಯವಂತರಿಗೆ ಅದೇ ಪರೀಕ್ಷೆ ಕೊಟ್ಟು ಮೊದಲೇ ಸಿದ್ಧಪಡಿಸಿದ ಅಂಕಗಳು) ಹೋಲಿಸುವ ಹಕ್ಕನ್ನೇ ಕಳೆದುಕೊಳ್ಳುತ್ತೀರಿ. ಮಾಡಬಹುದಾದದ್ದು ಎರಡು. ಒಂದು, ಪರೀಕ್ಷೆ ಶುರುವಾಗುವ ಮುನ್ನ ನಡೆಯುವ ಪರಿಚಯದ ಮಾತನ್ನು ಅವರ ಊರಿನ ಮಾತಿನಲ್ಲೇ ಆಡಿ. ಎರಡು, ಅಭ್ಯಾಸದ ಘಟ್ಟದಲ್ಲಿ ಕೈಪಿಡಿ ಎಷ್ಟು ಸಲ ವಿವರಿಸಲು ಬಿಟ್ಟಿದೆಯೋ ಅಷ್ಟನ್ನೂ ಬಳಸಿ, 'ಈಗ ಏನು ಮಾಡ್ತೀರಿ, ನನಗೆ ಹೇಳಿ' ಎಂದು ಅವರಿಂದಲೇ ಹೇಳಿಸಿ.

ಅಂಕಿಗಳನ್ನು ಕೇಳಿ ಮರಳಿ ಹೇಳುವ ಪರೀಕ್ಷೆಯಲ್ಲಿ ಭಾಷೆ ಸದ್ದಿಲ್ಲದೆ ಒಳಬರುತ್ತದೆ. ಉದ್ದದ ಪದಗಳು ಕ್ಷಣಿಕ ನೆನಪಿನಲ್ಲಿ ಕಡಿಮೆ ಹಿಡಿಸುತ್ತವೆ. ವೆಲ್ಶ್ ಭಾಷೆಯ ಅಂಕಿಗಳನ್ನು ಉಚ್ಚರಿಸಲು ಇಂಗ್ಲಿಷಿನ ಅಂಕಿಗಳಿಗಿಂತ ಹೆಚ್ಚು ಹೊತ್ತು ಬೇಕು, ಆದ್ದರಿಂದ ಅವನ್ನು ನೆನಪಿಡುವುದೂ ಕಷ್ಟ ಎಂದು ಎಲಿಸ್ ಮತ್ತು ಹೆನೆಲಿ 1980ರಲ್ಲೇ ತೋರಿಸಿದರು. ನಮ್ಮ ಒಂದು, ಎರಡು, ಮೂರು, ಒಂಬತ್ತು ನೋಡಿ. ಇಂಗ್ಲಿಷಿನ ಒಂದೇ ಉಸಿರಿನ ಅಂಕಿಗಳ ಪಕ್ಕದಲ್ಲಿ ಇವು ಉದ್ದ. ಹಾಗಾಗಿ ಬೇರೆ ಭಾಷೆಯ ಮಾನದಂಡವನ್ನು ಇಲ್ಲಿಗೆ ಎತ್ತಿ ತರಬೇಡಿ. ಇನ್ನೊಂದು ಸೂಕ್ಷ್ಮ: ಕನ್ನಡವನ್ನೇ ಮಾತಾಡುವ ಬಹಳ ಮಂದಿ ಫೋನ್ ನಂಬರನ್ನು ಇಂಗ್ಲಿಷ್ ಅಂಕಿಗಳಲ್ಲೇ ಹೇಳುತ್ತಾರೆ. ಟ್ಯಾಬ್ ಕನ್ನಡದಲ್ಲಿ ಅಂಕಿ ಹೇಳಿದರೆ ಅವರು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಂಡು, ಮತ್ತೆ ಕನ್ನಡಕ್ಕೆ ತಂದು ಹೇಳುತ್ತಾರೆ. ಪರಿಚಯದ ಮಾತಿನಲ್ಲಿ 'ನಿಮ್ಮ ನಂಬರ್ ಹೇಳಿ' ಎಂದು ಕೇಳಿದರೆ ಇದು ಗೊತ್ತಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ನರಮನೋವೈಜ್ಞಾನಿಕ ಪರೀಕ್ಷಾ ಸರಣಿಯಲ್ಲಿ ವಯಸ್ಸು, ಲಿಂಗ, ಓದು ಇವುಗಳ ಪ್ರಕಾರ ಬೇರೆ ಬೇರೆ ಮಾನದಂಡಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅರಿವಿನ ಪರೀಕ್ಷಾ ಸಲಕರಣೆ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಸಿದ್ಧವಾಗಿದೆ. ಶಾಲೆಗೆ ಹೋಗದವರನ್ನು ಪದವೀಧರರ ಕೋಷ್ಟಕದಲ್ಲಿ ನೋಡಿದರೆ ಯಾವ ಸಾಫ್ಟ್‌ವೇರೂ ಕೆಂಪು ಪಟ್ಟಿಯನ್ನೇ ಕೊಡುತ್ತದೆ. ವರದಿ ತೆರೆದ ಕೂಡಲೇ ಅದು ಯಾರ ಜೊತೆ ಹೋಲಿಸಿದೆ ಎಂಬ ಸಾಲನ್ನು ಮೊದಲು ಹುಡುಕಿ.

ಲಕ್ಷಣ: 'ನನಗೇನೂ ಬರಲ್ಲ ಬಿಡಿ'

ಇದನ್ನು ಹೇಳುವಾಗ ನಗುತ್ತಾರೆ. ಪ್ರತಿ ಉತ್ತರಕ್ಕೂ ಮೊದಲು ಮಗನ ಮುಖ ನೋಡುತ್ತಾರೆ. ಬೆರಳು ಸ್ಕ್ರೀನಿನವರೆಗೆ ಹೋಗಿ ವಾಪಸ್ ಬರುತ್ತದೆ. ಭಯ ಎಂದು ಒಂದೇ ಪದದಲ್ಲಿ ಬರೆದು ಮುಂದೆ ಹೋಗಬೇಡಿ, ಯಾವುದರ ಭಯ ಎಂದು ಕೇಳಬೇಕು, ಏಕೆಂದರೆ ಒಂದೊಂದಕ್ಕೂ ಔಷಧ ಬೇರೆ. ಗಾಬರಿ ಕ್ಷಣಿಕ ನೆನಪಿನ ಜಾಗವನ್ನೇ ಆಕ್ರಮಿಸುತ್ತದೆ. 'ತಪ್ಪಾಯ್ತೇನೋ' ಎಂಬ ಯೋಚನೆ ತಲೆಯಲ್ಲಿ ಕೂತರೆ ಅಂಕಿಗಳಿಗೆ ಜಾಗ ಇರುವುದಿಲ್ಲ. ನಾವು ಅಳೆಯಹೊರಟಿದ್ದು ಒಂದು, ಅಳೆದದ್ದು ಇನ್ನೊಂದು ಆಗಿರುತ್ತದೆ.

ಕೆಲವರಿಗೆ ಯಂತ್ರ ಕೆಟ್ಟೀತು ಎಂಬ ಅಂಜಿಕೆ. ಮೊಮ್ಮಗನ ಫೋನ್ ಮುಟ್ಟಿ ಬೈಸಿಕೊಂಡವರು ಇವರು. 'ತಪ್ಪಿ ಎಲ್ಲೋ ಮುಟ್ಟಿದರೂ ಇದು ಕೆಡಲ್ಲ ಅಜ್ಜಾ' ಎಂದು ಹೇಳಿ ನೀವೇ ಎಲ್ಲೆಂದರಲ್ಲಿ ಮುಟ್ಟಿ ತೋರಿಸಿದರೆ ಮುಗಿಯಿತು. ಕೆಲವರಿಗೆ ಶಾಲೆಯ ಅಂಜಿಕೆ: ಅರ್ಧಕ್ಕೆ ಬಿಟ್ಟ ಓದು, ಮೇಷ್ಟ್ರ ಬೆತ್ತ. ಇವರೆದುರು 'ಟೆಸ್ಟು', 'ಪರೀಕ್ಷೆ', 'ಮಾರ್ಕ್ಸು' ಎಂಬ ಮಾತುಗಳನ್ನು ಕಡಿಮೆ ಮಾಡಿ. ಕೆಲವರಿಗೆ ಕಾಯಿಲೆಯ ಹೆಸರಿನ ಅಂಜಿಕೆ, ಹುಚ್ಚು ಎಂದುಬಿಡುತ್ತಾರೇನೋ ಎಂಬುದು. ಇನ್ನು ಕೆಲವರದು ಆಸ್ತಿಯ ಅಂಜಿಕೆ. 'ಬುದ್ಧಿ ಸರಿಯಿಲ್ಲ' ಎಂದು ಕಾಗದ ಮಾಡಿಸಿಕೊಳ್ಳಲು ಮಗ ಕರೆತಂದಿದ್ದಾನೆ ಎಂದು ನಂಬಿ ಬಾಯಿ ಬಿಗಿದು ಕೂತ ಯಜಮಾನರನ್ನು ನಾನು ನೋಡಿದ್ದೇನೆ. ಅವರಿಗೆ ಧೈರ್ಯದ ಮಾತು ಸಾಲದು. ಪರೀಕ್ಷೆ ಯಾರು ಕೇಳಿದ್ದು, ವರದಿ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಮಗನಿಲ್ಲದಾಗ ನೇರವಾಗಿ ಹೇಳಬೇಕು. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017 ಗೌಪ್ಯತೆಯನ್ನು ಹಕ್ಕು ಎಂದೇ ಕರೆದಿದೆ. ಹೇಳಿದ ಮೇಲೂ ಬೇಡ ಎಂದರೆ ಬೇಡ.

ಧೈರ್ಯ ತುಂಬಲು ಹೋಗಿ ನಾವು ಆಡುವ ಎರಡು ಮಾತುಗಳು ಹೆಚ್ಚು ಹಾನಿ ಮಾಡುತ್ತವೆ. ಮೊದಲನೆಯದು, 'ತುಂಬಾ ಸುಲಭ, ಚಿಕ್ಕ ಮಕ್ಕಳೂ ಮಾಡ್ತಾರೆ.' ಮೂರನೇ ತಪ್ಪಿನ ಹೊತ್ತಿಗೆ ಅವರು ತಮ್ಮನ್ನು ಚಿಕ್ಕ ಮಕ್ಕಳಿಗಿಂತ ಕಡೆ ಎಂದು ಎಣಿಸಿಕೊಂಡಿರುತ್ತಾರೆ. ಎರಡನೆಯದು, 'ಇದೊಂದು ಆಟ ಅಷ್ಟೇ.' ಆಟವೆಂದರೆ ಕೆಲವರು ಮನಸ್ಸಿಟ್ಟು ಮಾಡುವುದಿಲ್ಲ. ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರಿಗೆ ಅದು ಅವಮಾನ. ಸುಳ್ಳೂ ಹೌದು, ಫಲಿತಾಂಶದ ಮೇಲೆ ಚಿಕಿತ್ಸೆಯ ನಿರ್ಧಾರ ನಿಂತಿರುತ್ತದೆ.

ಬದಲಿಗೆ ನಾನು ಹೇಳುವುದು ಹೀಗೆ: "ಅಮ್ಮಾ, ನಿಮ್ಮ ನೆನಪು ಯಾವುದರಲ್ಲಿ ಗಟ್ಟಿ ಇದೆ, ಯಾವುದರಲ್ಲಿ ತೊಂದರೆ ಇದೆ ಅಂತ ತಿಳ್ಕೊಳ್ಳೋಕೆ ಇದು. ಇಲ್ಲಿ ಪಾಸು-ಫೇಲು ಇಲ್ಲ. ಶುರುವಿಗೆ ಸುಲಭ ಇರುತ್ತೆ, ಆಮೇಲೆ ಕಷ್ಟ ಆಗ್ತಾ ಹೋಗುತ್ತೆ. ಎಲ್ಲರಿಗೂ ಒಂದು ಕಡೆ ತಪ್ಪುತ್ತೆ, ನನಗೂ ತಪ್ಪುತ್ತೆ. ತಪ್ಪಿದಾಗ ಬೇಜಾರು ಮಾಡ್ಕೋಬೇಡಿ, ಮುಂದಿನದು ನೋಡಿ. ನಾನು ಇಲ್ಲೇ ಇರ್ತೀನಿ." ಇದರಲ್ಲಿ 'ಕಷ್ಟ ಆಗ್ತಾ ಹೋಗುತ್ತೆ' ಎಂಬುದೇ ಮುಖ್ಯ. ಬಹಳಷ್ಟು ಕಂಪ್ಯೂಟರ್ ಪರೀಕ್ಷೆಗಳು ಸರಿ ಉತ್ತರಕ್ಕೆ ಮುಂದಿನ ಪ್ರಶ್ನೆಯನ್ನು ಕಠಿಣಗೊಳಿಸುತ್ತಾ ಸಾಮರ್ಥ್ಯದ ಅಂಚನ್ನು ಹುಡುಕುತ್ತವೆ. ಇದು ಗೊತ್ತಿಲ್ಲದವರು ಚೆನ್ನಾಗಿ ಮಾಡುತ್ತಿರುವಾಗಲೇ ತಾವು ಸೋಲುತ್ತಿದ್ದೇವೆ ಎಂದುಕೊಳ್ಳುತ್ತಾರೆ. ತಪ್ಪಿಗೆ 'ಟೊಂಯ್' ಎಂದು ಸದ್ದು ಮಾಡುವ ಪರೀಕ್ಷೆಯಾದರೆ ಆ ಸದ್ದು ಬರುತ್ತದೆಂದು ಮೊದಲೇ ತಿಳಿಸಿ.

ಮನೆಯವರ ವಿಷಯ. ಹಿಂದೆ ನಿಂತು 'ಅಪ್ಪಾ, ಅದಲ್ಲ, ಆಕಡೆದು' ಎನ್ನುವ ಮಗಳ ಪ್ರೀತಿಯಲ್ಲಿ ಸಂಶಯವಿಲ್ಲ, ಆದರೆ ಆ ಅಂಕ ಅಪ್ಪನದಲ್ಲ. ಕಾಯಿಲೆಯ ಕತೆ ಕೇಳುವಾಗ ಅವರು ಬೇಕು, ಪರೀಕ್ಷೆಯ ಹೊತ್ತಿಗೆ ಹೊರಗೆ ಕೂರಿಸಿ. ಸೊಸೆಯ ಎದುರು ತಪ್ಪು ಮಾಡಲು ಯಾವ ಅತ್ತೆಯೂ ಇಷ್ಟಪಡುವುದಿಲ್ಲ. ಒಳಗೇ ಇರಬೇಕೆಂದು ಹಿರಿಯರೇ ಬಯಸಿದರೆ ಕಣ್ಣಿಗೆ ಬೀಳದಂತೆ ಹಿಂದೆ ಕೂರಲಿ, ಮಾತಾಡದಿರಲಿ.

ಲಕ್ಷಣ: ಅರ್ಧದಿಂದ ಮುಂದೆ ಕುಸಿತ

ಇದನ್ನು ಹಿಂದಿನ ದಿನದ ಒಂದು ಫೋನ್ ಕರೆ ತಡೆಯುತ್ತದೆ. ಆಸ್ಪತ್ರೆಗೆ ಎಂದ ಕೂಡಲೇ ಬಹಳ ಜನ ರಕ್ತ ಪರೀಕ್ಷೆ ಇರಬಹುದೆಂದು ಬರಿಹೊಟ್ಟೆಯಲ್ಲಿ ಬರುತ್ತಾರೆ. ನಸುಕಿನ ಬಸ್ಸು ಹಿಡಿದು, ನಿದ್ದೆಗೆಟ್ಟು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ತಿಂಡಿ ತಿನ್ನದೆ ಹನ್ನೊಂದು ಗಂಟೆಗೆ ಟ್ಯಾಬ್ ಮುಂದೆ ಕೂತವರ ಗಮನ ಅಳೆದು ಏನು ಪ್ರಯೋಜನ? 'ತಿಂಡಿ ತಿಂದೇ ಬನ್ನಿ, ಓದೋ ಕನ್ನಡಕ ತನ್ನಿ, ಕಿವಿ ಮಷಿನ್ ಇದ್ದರೆ ಬ್ಯಾಟರಿ ನೋಡ್ಕೊಂಡು ತನ್ನಿ, ದಿನಾ ತಗೊಳ್ಳೋ ಮಾತ್ರೆ ಬಿಡಬೇಡಿ' ಎಂದು ಹೇಳಿ. ಅದೇ ಕರೆಯಲ್ಲಿ ಯಾವ ಫೋನ್ ಬಳಸುತ್ತಾರೆ, ತಾವೇ ನಂಬರ್ ಒತ್ತುತ್ತಾರೋ ಎಂದು ಕೇಳಿಕೊಂಡರೆ ಮರುದಿನದ ಅರ್ಧ ತಯಾರಿ ಮುಗಿದ ಹಾಗೆ. ಪಾರ್ಕಿನ್ಸನ್ಸ್ ಇರುವವರಲ್ಲಿ ಮಾತ್ರೆ ತೆಗೆದುಕೊಂಡು ಎಷ್ಟು ಹೊತ್ತಾಯಿತು ಎಂಬುದನ್ನು ಬರೆದುಕೊಳ್ಳಿ, ಮರುಪರೀಕ್ಷೆಯನ್ನೂ ಅದೇ ಹೊತ್ತಿಗೆ ಇಡಿ.

ವಿರಾಮವನ್ನು ಎರಡು ಪರೀಕ್ಷೆಗಳ ನಡುವೆ ಕೊಡಿ, ಒಂದರ ಒಳಗೆ ಅಲ್ಲ. ಪದಗಳನ್ನು ಕೇಳಿಸಿ ಇಪ್ಪತ್ತು-ಮೂವತ್ತು ನಿಮಿಷದ ನಂತರ ನೆನಪು ಕೇಳುವ ಪರೀಕ್ಷೆಯಿದ್ದರೆ ಆ ಅಂತರ ಹಿಗ್ಗಬಾರದು. ಕಾಫಿಗೆ ಕಳಿಸುವ ಮೊದಲು ಗಡಿಯಾರ ನೋಡಿ.

ಇವನ್ನು ಸರಿಪಡಿಸಲು ಹೋಗಬೇಡಿ

ಹಿತವಾಗಿರಲಿ ಎಂದು ಪರೀಕ್ಷೆಯನ್ನೇ ಕಲಿಸಿಬಿಡುವುದು ಉಳಿದೆಲ್ಲಕ್ಕಿಂತ ದೊಡ್ಡ ತಪ್ಪು. ಮುಟ್ಟುವುದು ಹೇಗೆ ಎಂದು ಕಲಿಸಿ, ನೆನಪಿಡುವುದು ಹೇಗೆ ಎಂದು ಕಲಿಸಬೇಡಿ. ಅದೇ ಪ್ರಶ್ನೆಗಳನ್ನು ಮೊದಲೇ ತೋರಿಸಬೇಡಿ, ಅದೇ ಬಗೆಯ ಆಪ್ ಹಾಕಿಕೊಂಡು ಮನೆಯಲ್ಲಿ ಅಭ್ಯಾಸ ಮಾಡಿ ಬನ್ನಿ ಎನ್ನಬೇಡಿ. ಎರಡನೇ ಸಲ ಕೂತವರ ಅಂಕ ಅಭ್ಯಾಸದಿಂದಲೇ ಏರುತ್ತದೆ, ಅದಕ್ಕಾಗಿಯೇ ಒಳ್ಳೆಯ ಸರಣಿಗಳಲ್ಲಿ ಸಮಾನ ಕಷ್ಟದ ಬದಲಿ ಪ್ರತಿಗಳಿರುತ್ತವೆ.

ಎಲ್ಲವನ್ನೂ ಅಂಜಿಕೆಯ ತಲೆಗೆ ಕಟ್ಟುವುದೂ ಅಷ್ಟೇ ಅಪಾಯ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಬಹಳ ವಿನಯದಿಂದ, ಬೆವರುತ್ತಾ, ಕ್ಷಮೆ ಕೇಳುತ್ತಾ ಪರೀಕ್ಷೆ ಮಾಡಿದರು. ಕಂಪ್ಯೂಟರ್ ಅಂದರೆ ಭಯ ಎಂದು ಬರೆದು ಮುಗಿಸಿದೆ. ಹದಿನೈದು ವರ್ಷ ಅವರು ಕಂಪ್ಯೂಟರ್ ಮುಂದೆಯೇ ಕೆಲಸ ಮಾಡಿದ್ದರೆಂದು ನಾನು ಕೇಳಿಯೇ ಇರಲಿಲ್ಲ. ಏಳು ತಿಂಗಳ ನಂತರ ಮರಳಿ ಬಂದಾಗ ಕಾಗದದ ಪರೀಕ್ಷೆಯಲ್ಲೂ ಅದೇ ಕುಸಿತ, ಇನ್ನೂ ಆಳವಾಗಿ. ಆ ಏಳು ತಿಂಗಳು ನನ್ನ ಬರಹದಿಂದ ಹೋದದ್ದು. ಅಭ್ಯಾಸದ ಘಟ್ಟದಲ್ಲಿ ನಿಯಮವನ್ನು ಸರಿಯಾಗಿ ಹೇಳಿ, ಎರಡು ನಿಮಿಷದ ನಂತರ 'ಈಗ ಏನು ಮಾಡ್ಬೇಕು?' ಎಂದು ಕೇಳಿದರೆ, ಅದು ಮತ್ತೆ ಮತ್ತೆ ಆದರೆ, ಸಮಾಧಾನ ಮಾಡಿ ಮುಚ್ಚಬೇಡಿ. ಎಷ್ಟು ಸಲ, ಎಲ್ಲೆಲ್ಲಿ ಎಂದು ಬರೆದುಕೊಳ್ಳಿ.

ನಿಲ್ಲಿಸುವುದು ಯಾವಾಗ, ಬರೆಯುವುದು ಏನು

ಅಳು ಬಂದರೆ, ತಲೆ ಸುತ್ತಿದರೆ, ಬೇಡ ಎಂದರೆ, ಮುಟ್ಟಿದ್ದು ದಾಖಲಾಗುವುದೇ ಇಲ್ಲ ಎಂದಾದರೆ ನಿಲ್ಲಿಸಿ. ಅರ್ಧ ಮಾಡಿದ ಪರೀಕ್ಷೆಯ ಅಂಕವನ್ನು ಸಾಫ್ಟ್‌ವೇರ್ ಲೆಕ್ಕ ಹಾಕಿ ಕೊಟ್ಟರೂ ವರದಿಗೆ ಸೇರಿಸಬೇಡಿ. ಯಾವ ಸಾಧನ, ಯಾವ ಬೆರಳು ಅಥವಾ ಸ್ಟೈಲಸ್, ಕನ್ನಡಕ ಇತ್ತೇ, ಯಾವ ಭಾಷೆ, ಯಾರು ಕೋಣೆಯಲ್ಲಿದ್ದರು, ಎಲ್ಲಿ ತಡವರಿಸಿದರು, ಯಾವ ಮಾನದಂಡ ಎಂಬುದೆಲ್ಲ ವರದಿಯ ಮೊದಲ ಪುಟದಲ್ಲೇ ಇರಲಿ. ಅನುಬಂಧದಲ್ಲಿ ಹಾಕಿದ್ದನ್ನು ಡಾಕ್ಟರುಗಳು ಓದುವುದಿಲ್ಲ.

ಶಿರಸಿಯ ಅಮ್ಮನನ್ನು ಎರಡು ವಾರದ ನಂತರ ಕರೆಸಿದೆ. ಆ ಎರಡು ವಾರ ಸೊಸೆ ದಿನಾ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿದ್ದಳಂತೆ. ಅಂದು ಬೆಳಗ್ಗೆ ಸೋಪು ಹಾಕಿ ಕೈ ತೊಳೆಸಿ, ಬದಲಿ ಪ್ರತಿ ಕೊಟ್ಟು, ನಡುಬೆರಳಿನಿಂದ ಮಾಡಿಸಿದೆ. ಚುರುಕುತನದ ಅಂಕ ಅವರ ವಯಸ್ಸಿಗೆ, ಓದಿಗೆ ತಕ್ಕಷ್ಟು ಬಂತು. ಕೇಳಿದ ಪದಗಳನ್ನು ತಡವಾಗಿ ನೆನಪಿಸಿಕೊಳ್ಳುವ ಅಂಕ ಮಾತ್ರ ಕೆಳಗೇ ಉಳಿಯಿತು, ಬಾಯಿಮಾತಿನಲ್ಲಿ ಕೇಳಿದಾಗಲೂ ಹಾಗೇ. ವರದಿಯಲ್ಲಿ ಹೀಗೆ ಬರೆದೆ: 'ಮೊದಲ ಸಲದ ನಿಧಾನಕ್ಕೆ ಬೆರಳಿನ ಚರ್ಮ ಕಾರಣ, ಆ ಅಂಕಗಳನ್ನು ಪರಿಗಣಿಸಬಾರದು. ತಡವಾದ ನೆನಪಿನ ಕೊರತೆ ಎರಡು ವಿಧಾನದಲ್ಲೂ ಕಂಡಿದೆ. ಥೈರಾಯ್ಡ್, ಬಿ12 ನೋಡಲು ಕೋರಿಕೆ.' ಬಿ12 ಬಹಳ ಕಡಿಮೆ ಇತ್ತು, ಮರೆವಿಗೆ ಅದೂ ಕಾರಣವಾಗಬಹುದು. ಇಂಜೆಕ್ಷನ್ ಶುರುವಾಗಿದೆ, ಆರು ತಿಂಗಳಿಗೆ ಮತ್ತೆ ಕೂರಿಸಬೇಕು, ಅದೇ ಟ್ಯಾಬ್, ಅದೇ ನಡುಬೆರಳು.